ಕುಂಬಳಬಳ್ಳಿಗೆ ಮೂರನೇ ನೋಟಿಸ್

ಅಕ್ಟೋಬರ್ 6, ಮಧ್ಯಾಹ್ನ

ಹುಲ್ಲು ಎತ್ತರ — ನೋಟಿಸ್. ಬಾಗಿಲಿಗೆ ಒಪ್ಪಿಗೆಯಿಲ್ಲದ ಬಣ್ಣ — ನೋಟಿಸ್. ಕಸದ ಡಬ್ಬಿ ರಸ್ತೆಗೆ ಕಾಣುತ್ತದೆ — ನೋಟಿಸ್. ಅಮೆರಿಕದ ಯಾವುದೋ ಕಾಲೊನಿಯಲ್ಲಿ ಕ್ಯಾಮೆರಾ ಕಾರು ಸುತ್ತುತ್ತದೆ. ಫೋಟೋ ವಿಶಾಖಪಟ್ಟಣದ ನಮ್ಮ ಆಫೀಸಿಗೆ ಬರುತ್ತದೆ. ಗದಗಿನ ಅನುಸೂಯಾ, ಅಂದರೆ ನಾನು, ತಪ್ಪು ಹುಡುಕುತ್ತೇನೆ. ಅತ್ತೆಯ ಕೆಲಸ, ಸಂಬಳ ಸಮೇತ!

ಮುದುಕಿ ಡೊರೊಥಿಯ ಮನೆಗೆ ಮೊದಲ ನೋಟಿಸ್ ಹೋದದ್ದು ಬಾಗಿಲಲ್ಲಿ ಆಂಬುಲೆನ್ಸ್ ಬಹಳ ಹೊತ್ತು ನಿಂತದ್ದಕ್ಕೆ. ಎರಡನೆಯದು ವರಾಂಡದಲ್ಲಿ ಖಾಲಿ ಗಾಲಿಕುರ್ಚಿ ಇಟ್ಟದ್ದಕ್ಕೆ. ಅವಳ ಗಂಡ ಆಮೇಲಿನ ಯಾವ ಫೋಟೋದಲ್ಲೂ ಇಲ್ಲ. ಇವತ್ತು ಅಂಗಳದಲ್ಲಿ ಕುಂಬಳಬಳ್ಳಿ. ಕಾಲೊನಿ ಸಂಘದ ರೂಲಿನಂತೆ ಮನೆ ಮುಂದೆ ತರಕಾರಿ ನಿಷೇಧ. ಮೂರನೇ ನೋಟಿಸಿಗೂ ಸರಿಯಾಗದಿದ್ದರೆ ಕೇಸು ವಕೀಲರಿಗೆ, ಮನೆ ಹರಾಜಿಗೆ.

ಕೈ ಬರಲಿಲ್ಲ. ಹೋಲ್ಡ್‌ನಲ್ಲಿಟ್ಟು ಎದ್ದು ಬಂದೆ.

ಸಂಜೆ

ಇವರು ಭೀಮುನಿಪಟ್ಟಣದ ಬ್ಯಾಂಕ್ ಬ್ರಾಂಚಿನಿಂದ ಬಂದರು. ಹೇಳಿದೆ. “ತನ್ನ ಮನೀ ಮುಂದ ತಾನು ಕುಂಬಳಕಾಯಿ ಬೆಳದ್ರ ಹರಾಜೇನ? ನಮ್ಮ ಬ್ಯಾಂಕಿನವ್ರೇ ವಾಸಿ ಬಿಡಽ” ಅಂದರು.

ಅಕ್ಟೋಬರ್ 7

ಪಕ್ಕದ ಮನೆಯ ಫೋಟೋ ನೋಡಿದೆ. ಮೆಟ್ಟಿಲ ಮೇಲೆಲ್ಲ ಕುಂಬಳಕಾಯಿ! ಟೀಮ್ ಲೀಡರ್ ಬಾಬ್ಜಿಯನ್ನು ಕೇಳಿದೆ, “ಇದಕ್ಕೇಕೆ ನೋಟಿಸ್ ಇಲ್ಲ?”

“ಅದಿ ಹ್ಯಾಲೊವೀನ್ ಡೆಕೊರೇಷನ್ ಅಂಡಿ, ಕುಂಬಳಕ್ಕೆ ಮುಖ ಕೆತ್ತಿಡೋ ಅವರ ಹಬ್ಬ. ಅಂಗಡೀದು. ಬಳ್ಳೀಲಿದ್ದರೆ ವೆಜಿಟಬಲ್, ಬಳ್ಳಿ ಇಲ್ಲದಿದ್ದರೆ ಡೆಕೊರೇಷನ್.”

ಹೋಲ್ಡ್‌ನಲ್ಲಿದ್ದ ಡೊರೊಥಿಯ ಕೇಸು ತೆರೆದೆ.

ನೋಟಿಸ್ ಕಳಿಸಿದೆ. ‘ಪರಿಹಾರ’ ಎಂಬಲ್ಲಿ ಎಲ್ಲರೂ ‘ತೆಗೆದುಹಾಕಿ’ ಎಂದಷ್ಟೇ ಬರೆಯುತ್ತಾರೆ. ನಾನು ಬರೆದೆ: ಬಳ್ಳಿ ಕಡಿದು ತೆಗೆಯಿರಿ. ಕಾಯಿ ಇದ್ದಲ್ಲೇ ಇರಲಿ. ಮುಖ ಕೆತ್ತಿದರೆ ಇನ್ನೂ ಒಳ್ಳೆಯದು.

ಅಕ್ಟೋಬರ್ 15

ಸಿಕ್ಕಿಬಿದ್ದೆ. ನಾನು ಬರೆದ ‘ಪರಿಹಾರ’ ಕಾಲೊನಿಯವರ ಕಣ್ಣಿಗೆ ಬಿದ್ದಿದೆ. ನಾಳೆ ವಿಜಯವಾಡದ ಹೆಡ್ ಆಫೀಸಿಗೆ ಬರಬೇಕಂತೆ. ಬಾಬ್ಜಿ ತಲೆ ಮೇಲೆ ಕೈಹೊತ್ತ. “ಮೇಡಂಗಾರು, ಕೊಂಪ ಮುಂಚಾರು ಕದಂಡೀ!” ಮನೆ ಮುಳುಗಿಸಿದಿರಿ ಅಂತ. ಯಾರ ಮನೆ, ಹೇಳಪ್ಪ?

ಅಕ್ಟೋಬರ್ 16, ವಾಪಸ್ ರೈಲಿನಲ್ಲಿ

ವಿಜಯವಾಡದ ಹೊರಗೆ, ಗನ್ನವರಂ ಹತ್ತಿರದ ಆಫೀಸು. ಎಸಿಯ ಚಳಿ. ಮ್ಯಾನೇಜರ್ ಕಾಮೇಶ್ವರ ಬೆವರುತ್ತಿದ್ದರು, ನಾನಲ್ಲ. ಸ್ಕ್ರೀನಿನಲ್ಲಿ ಕಾಲೊನಿಯ ಅಧ್ಯಕ್ಷೆ, ಹಲ್ಲೆಲ್ಲ ಬಿಳಿ.

“ನೋಟಿಸಿನಿಂದ ಪಾರಾಗುವ ದಾರಿ ಹೇಳಿಕೊಟ್ಟಿರಾ?” ಎಂದಳು ಇಂಗ್ಲಿಷಿನಲ್ಲಿ.

“ರೂಲ್ ಪಾಲಿಸುವ ದಾರಿ ಹೇಳಿಕೊಟ್ಟೆ. ರೂಲ್ ನಿಮ್ಮದೇ” ಅಂದೆ.

ಕೊನೆಗೆ ಅಧ್ಯಕ್ಷೆಯ ತೀರ್ಪು — ನಾಳೆಯ ಫೋಟೋದಲ್ಲಿ ಒಂದು ಎಲೆ ಕಂಡರೂ ವಕೀಲರಿಗೆ. ಇಲ್ಲದಿದ್ದರೆ ಬಿಡುತ್ತಾಳಂತೆ. ಗೆದ್ದೆ ಅನ್ನಲೂ ಭಯ. ಆ ಮುದುಕಿ ನೋಟಿಸ್ ಓದಿದ್ದಾಳೋ, ಹರಿದು ಒಲೆಗೆ ಹಾಕಿದ್ದಾಳೋ.

ಅಕ್ಟೋಬರ್ 17, ಬೆಳಿಗ್ಗೆ, ಆಫೀಸು

ಫೋಟೋ ಬಂತು!

ಬಳ್ಳಿ ಇಲ್ಲ. ಒಂದೆಲೆಯೂ ಇಲ್ಲ. ಕಾಯಿಗಳು ಇದ್ದಲ್ಲೇ. ಎಲ್ಲದಕ್ಕೂ ಮುಖ ಕೆತ್ತಿದ್ದಾಳೆ, ಎಲ್ಲವೂ ಕ್ಯಾಮೆರಾದ ಕಡೆಗೆ ನಾಲಿಗೆ ಚಾಚಿವೆ. ನಡುವೆ ಡೊರೊಥಿ, ಕೈಯಲ್ಲಿ ಚಾಕು, ಬೊಚ್ಚುಬಾಯಿ ತುಂಬ ನಗು.

‘ಡೆಕೊರೇಷನ್’ ಒತ್ತಿದೆ. ಕೇಸ್ ಕ್ಲೋಸ್. ಮನೆ ಅವಳದೇ! ಅಳುವೂ ಬಂತು, ನಗುವೂ ಬಂತು.

ಮುಂದಿನ ಫೋಟೋ, ಎದುರು ಮನೆ. ಅಂಗಳದಲ್ಲಿ ಸಾಲಾಗಿ ಬದನೆಕಾಯಿ, ಕಿತ್ತು ಜೋಡಿಸಿ ಕಣ್ಣು ಮೂಗು ಬರೆದಿದ್ದಾರೆ. ಅದರಾಚೆಯ ಮನೆ — ಎಲೆಕೋಸು, ಅದಕ್ಕೆ ಮೀಸೆ. ಅದರಾಚೆ… ಅಯ್ಯೋ ದೇವರೇ, ಇಡೀ ಬೀದಿ —