ಬಾವಿಯ ಜಾಲಿಗೆ ಒಂದು ಬಾಗಿಲು ಬೇಕು

ಮಾನ್ಯ ಪುರಸಭೆ ಮುಖ್ಯಾಧಿಕಾರಿಗಳೇ,

ನಮ್ಮ ಓಣಿಯ ಮೆಟ್ಟಿಲುಬಾವಿಗೆ ನೀವು ಕಬ್ಬಿಣದ ಜಾಲಿ ಹಾಕಿಸಿ ವೆಲ್ಡಿಂಗ್ ಮಾಡಿಸಿದ್ದೀರಿ. ಆ ಜಾಲಿಗೆ ಒಂದು ಬಾಗಿಲು ಇಡಿಸಿ ಎಂದು ಕೇಳುವುದಕ್ಕೆ ಈ ಪತ್ರ. ಕಚೇರಿಗೆ ಕೊಟ್ಟ ಅರ್ಜಿಗಳು ಎಲ್ಲಿ ಹೋಗಿ ಮಲಗುತ್ತವೆ ಎಂಬುದು ಗೊತ್ತಾಗಿರುವುದರಿಂದ ಪತ್ರಿಕೆಗೆ ಕಳಿಸುತ್ತಿದ್ದೇನೆ. ಚಹಾದಂಗಡಿಯಲ್ಲಾದರೂ ನಾಲ್ಕು ಜನ ಓದಲಿ. ಊರಿನ ಹೆಸರು ಬರೆಯುವುದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಬಸ್ಸುಗಳು ಹಾದುಹೋಗುವ ಊರು ಎಂದರೆ ಸಾಕು, ನಿಮಗೆ ತಿಳಿಯುತ್ತದೆ. ಸಿಟ್ಟಿನಿಂದ ಬರೆಯಬೇಕೆಂದುಕೊಂಡಿದ್ದೆ. ಈ ಬಿಸಿಲಿಗೆ ಅಷ್ಟು ತ್ರಾಣ ಉಳಿದಿಲ್ಲ.

ಆ ಬಾವಿಯಲ್ಲಿ ಈಜುತ್ತಿದ್ದವಳು ನನ್ನ ಅಕ್ಕ ಅನ್ನವ್ವ. ಅವಳಿಗೆ ಎಪ್ಪತ್ತು ದಾಟಿದೆ. ಸಣ್ಣ ಹುಡುಗಿಯಾಗಿದ್ದಾಗ ನಮ್ಮಪ್ಪ ಅವಳ ಬೆನ್ನಿಗೆ ತೇಲುವ ಬೆಂಡು ಕಟ್ಟಿ ನೀರಿಗೆ ಬಿಟ್ಟ. ಮುಂದೆ ಮದುವೆಯೂ ಇದೇ ಊರಿನಲ್ಲಾಯಿತು. ಗಂಡನ್ನು ನೋಡಿ ಅಲ್ಲ, ಬಾವಿ ಬಿಟ್ಟುಹೋಗಬೇಕಿಲ್ಲವೆಂದು ಒಪ್ಪಿದಳು ಎಂದು ನಾವು ಇಂದಿಗೂ ಕಾಡಿಸುತ್ತೇವೆ. ಬೆಳಿಗ್ಗೆ ಬಾವಿ ಗಂಡಸರದು. ಮಧ್ಯಾಹ್ನ ಊಟದ ಹೊತ್ತಿಗೆ ಮಗ್ಗಗಳ ಸದ್ದು ನಿಂತರೆ ಹೆಂಗಸರದು. ಇದನ್ನು ಯಾವ ಇಲಾಖೆಯೂ ಆದೇಶ ಹೊರಡಿಸಿ ಹೇಳಿಲ್ಲ, ಆದರೂ ಯಾರೂ ಮೀರಿಲ್ಲ. ಅಕ್ಕ ಹಳೆಯ ಸೀರೆಗೆ ಕಚ್ಚೆ ಹಾಕಿ ಇಳಿಯುತ್ತಿದ್ದಳು. ಮಕ್ಕಳನ್ನು ಹೆತ್ತಳು, ಗಂಡನನ್ನು ಕಳೆದುಕೊಂಡಳು, ಮಗ್ಗದ ಮನೆಯಲ್ಲಿ ನೂಲು ಸುತ್ತಿ ಸುತ್ತಿ ಬೆನ್ನು ಬಾಗಿಸಿಕೊಂಡಳು. ಈ ಒಂದು ತಾಸನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಈಚೀಚೆಗೆ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು, ಬಾವಿಯ ಮೆಟ್ಟಿಲನ್ನು ಕುಳಿತುಕೊಂಡೇ ಇಳಿಯುತ್ತಿದ್ದಳು. ನೀರಿಗೆ ಬಿದ್ದರೆ ಮಾತ್ರ ಅವಳ ಮೊಣಕಾಲಿಗೆ ವಯಸ್ಸೇ ಇರುತ್ತಿರಲಿಲ್ಲ.

ನನ್ನ ಕಥೆ ಬೇರೆ. ನೌಕರಿ ಸಿಕ್ಕಿದ ಕೂಡಲೇ ಈಜು ಹುಡುಗರ ಕೆಲಸವೆಂದು ಬಿಟ್ಟೆ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ತೂಕ ಬರೆಯುತ್ತ ತಲೆ ನೆರೆಯಿತು. ನಿವೃತ್ತನಾದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಅಡಿಗೆಮನೆಯಲ್ಲಿ ನಿಂತು, ಒಗ್ಗರಣೆಗೆ ಸಾಸಿವೆ ಯಾವಾಗ ಹಾಕಬೇಕೆಂದು ಹೆಂಡತಿಗೆ ಹೇಳಿಕೊಡತೊಡಗಿದೆ. ಅವಳು ಕೈಮುಗಿದು ನನ್ನನ್ನು ಹೊರಗೆ ಹಾಕಿದಳು. ಆಗ ಅಕ್ಕ ಬಂದು, “ರಿಟೈರ್ ಆಗಿದ್ದು ನೌಕರಿಯಿಂದ ಅಲ್ಲೇನೋ ತಮ್ಮಾ? ಮುಂಜಾನಿ ಬಾವಿಗೆ ಹೋಗು, ಏಳು” ಎಂದಳು. ಮೊದಲ ದಿನ ನೀರು ಕುಡಿದೆ, ಓಣಿಯವರೆಲ್ಲ ನಕ್ಕರು. ಆದರೆ ಅಂದು ಮಧ್ಯಾಹ್ನ ಎಷ್ಟೋ ವರ್ಷಗಳ ನಂತರ ನನಗೆ ಚೆನ್ನಾಗಿ ಹಸಿವಾಯಿತು. ಚಿಕ್ಕಂದಿನಲ್ಲಿ ಕಲಿತದ್ದೊಂದು ಮೈಯಲ್ಲಿ ಉಳಿದಿತ್ತು, ಅದಕ್ಕೇ ಬದುಕಿಕೊಂಡೆ. ಏನೂ ಕಲಿಯದವರು ನಿವೃತ್ತರಾದರೆ ಏನು ಮಾಡುತ್ತಾರೆ ಸ್ವಾಮಿ?

ನಮ್ಮ ಅರ್ಜಿಗೆ ನೀವು ಕೊಟ್ಟ ಹಿಂಬರಹ ನನ್ನ ಬಳಿ ಇದೆ: “ಹವ್ಯಾಸವು ಅತ್ಯಗತ್ಯ ಸೇವೆಗಳ ವ್ಯಾಪ್ತಿಗೆ ಬರುವುದಿಲ್ಲ.” ಎಂಥ ವಾಕ್ಯ! ಅತ್ಯಗತ್ಯ ಸೇವೆಯಾದ ನಲ್ಲಿನೀರು ನಮಗೆ ವಾರಕ್ಕೊಮ್ಮೆ ಬರುತ್ತದೆ, ಅದನ್ನಾದರೂ ಹವ್ಯಾಸವೆಂದು ಕರೆಯೋಣವೇ? ಅಪಾಯ ತಪ್ಪಿಸಲು ಜಾಲಿ ಎಂದಿರಿ. ನಾವು ಕಂಡಂತೆ ಆ ಬಾವಿಯಲ್ಲಿ ಯಾರೂ ಮುಳುಗಿಲ್ಲ, ಏಕೆಂದರೆ ಓಣಿಯಲ್ಲಿ ಈಜು ಬಾರದವರು ಒಬ್ಬರೂ ಉಳಿಯದಂತೆ ಅಕ್ಕ ಎಲ್ಲರಿಗೂ ಕಲಿಸಿದ್ದಾಳೆ. ಅವಳು ಕಲಿಸುವ ರೀತಿಯೇ ಬೇರೆ. ಬೆನ್ನಿಗೆ ಕಟ್ಟಿದ ಬೆಂಡಿನ ತುಂಡುಗಳನ್ನು ಕಲಿಯುವವರಿಗೆ ಹೇಳದೆ ಒಂದೊಂದಾಗಿ ಬಿಚ್ಚುತ್ತ ಬರುತ್ತಾಳೆ. ಒಂದು ದಿನ ನಡುನೀರಿನಲ್ಲಿ ಬೆನ್ನು ಮುಟ್ಟಿಕೊಂಡರೆ ಏನೂ ಇರುವುದಿಲ್ಲ. ಈಗ ಅವಳ ಬಳಿ ಕಲಿಯುತ್ತಿದ್ದ ಮಕ್ಕಳು ಕಾಲುವೆಗೆ ಹೋಗುತ್ತಿದ್ದಾರೆ. ಅಲ್ಲಿ ಮೆಟ್ಟಿಲಿಲ್ಲ, ಸೆಳೆತವಿದೆ, ದಂಡೆಯಲ್ಲಿ ಅಕ್ಕನೂ ಇಲ್ಲ. ನೀವು ಅಪಾಯವನ್ನು ತಪ್ಪಿಸಿಲ್ಲ, ನಿಮ್ಮ ವ್ಯಾಪ್ತಿಯಿಂದ ಆಚೆಗೆ ವರ್ಗಾಯಿಸಿದ್ದೀರಿ. ಬದಲಿಗೆ ಉದ್ಯಾನದಲ್ಲಿ ವ್ಯಾಯಾಮದ ಯಂತ್ರಗಳನ್ನು ನಿಲ್ಲಿಸಿದ್ದೀರಿ, ಕೃತಜ್ಞರಾಗಿದ್ದೇವೆ. ಅವುಗಳ ಮೇಲೆ ಹಪ್ಪಳ ಚೆನ್ನಾಗಿ ಒಣಗುತ್ತವೆ.

ಕಳೆದ ತಿಂಗಳು ಅಕ್ಕನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ನಿಮ್ಮ ಕಚೇರಿಗೆ ಬಂದದ್ದು ನಿಮಗೆ ನೆನಪಿರಬಹುದು. ನೀವು ಕುರ್ಚಿ ಕೊಟ್ಟಿರಿ, ಚಹಾ ತರಿಸಿದಿರಿ. ಸುಳ್ಳು ಹೇಳಬಾರದು, ಒಳ್ಳೆಯ ಮಾತೇ ಆಡಿದಿರಿ. “ಈ ವಯಸ್ಸಲ್ಲಿ ಹವ್ಯಾಸ ಎಲ್ಲ ಯಾಕಜ್ಜಿ? ಮನೇಲಿ ಆರಾಮಾಗಿ ಕೂತ್ಕೊಳ್ಳಿ” ಎಂದಿರಿ.

“ಕುಂತ್ರ ಮೊಣಕಾಲ ಹಿಡೀತಾವ್ರಿ ಸಾಹೇಬ್ರ. ಅದಿರ್ಲಿ, ನಿಮಗೇನ್ ಹವ್ಯಾಸ ಐತ್ರಿ?” ಎಂದು ಅಕ್ಕ ಕೇಳಿದಳು.

ನೀವು ಮೊಬೈಲ್ ನೋಡಿದಿರಿ, ಕಡತ ನೋಡಿದಿರಿ. ಆಮೇಲೆ ಮೆಲ್ಲಗೆ, “ನನಗೆಲ್ಲಿ ಟೈಮು ಅಜ್ಜಿ. ಚಿಕ್ಕವನಿದ್ದಾಗ ಈಜು ಕಲೀಬೇಕು ಅಂತ ಬಹಳ ಆಸೆ ಇತ್ತು. ಮನೇಲಿ ಬಿಡಲಿಲ್ಲ. ಈಗ ನೀರು ಕಂಡ್ರೇನೇ ಭಯ” ಎಂದಿರಿ. ಇದನ್ನು ಬಹಿರಂಗವಾಗಿ ಬರೆದದ್ದಕ್ಕೆ ಕ್ಷಮೆ ಇರಲಿ. ಜಾಲಿ ಹಾಕಿದ್ದಕ್ಕೆ ಅದೊಂದೇ ಖರೆ ಕಾರಣವೆಂದು ನನಗೆ ಅನ್ನಿಸಿತು.

ಹೊರಗೆ ಬಂದು ನಾನು ನಿಮ್ಮನ್ನು ಬೈಯಲು ಶುರು ಮಾಡಿದೆ. ಅಕ್ಕ ತಡೆದಳು. “ಅವ್ರ ಮ್ಯಾಲ ಸಿಟ್ಟ ಮಾಡಬ್ಯಾಡೋ ತಮ್ಮಾ. ಸಣ್ಣಾವ್ರಿದ್ದಾಗ ಅವ್ರಿಗೆ ಯಾರೂ ಬೆಂಡ ಕಟ್ಟಿಲ್ಲ. ಅಂಜಿಕಿ ಹಂಗ ಉಳದೈತಿ.”

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಜಾಲಿ ಇರಲಿ, ನಿಮ್ಮ ಮಾತೂ ಉಳಿಯಲಿ. ಅದರಲ್ಲಿ ಒಬ್ಬರು ಇಳಿಯುವಷ್ಟು ಬಾಗಿಲು ಕೊರೆಸಿ, ಕೀಲಿಯನ್ನು ಅನ್ನವ್ವನ ಕೈಗೆ ಕೊಡಿ. ಮತ್ತು ಒಂದು ಭಾನುವಾರ ಬೆಳಿಗ್ಗೆ ನೀವೇ ಬನ್ನಿ. ನಿಮ್ಮ ಮೈಗೆ ಆಗುವಷ್ಟು ದೊಡ್ಡ ಬೆಂಡನ್ನು ಅಕ್ಕ ಆಗಲೇ ಕಟ್ಟಿ ಗೂಟಕ್ಕೆ ತೂಗುಹಾಕಿದ್ದಾಳೆ. ನಿಮಗೋಸ್ಕರ ಗಂಡಸರ ಹೊತ್ತಿನಲ್ಲೂ ಬಂದು ಮೆಟ್ಟಿಲ ಮೇಲೆ ಕೂರುತ್ತಾಳಂತೆ. ಬರುವುದಿದ್ದರೆ ಬೇಗ ಬನ್ನಿ ಸ್ವಾಮಿ. ಮೊದಲು ದಿನಾ ಜಾಲಿಯವರೆಗೆ ಹೋಗಿ ನೀರು ನೋಡಿ ಬರುತ್ತಿದ್ದಳು. ಮೊನ್ನೆಯಿಂದ ಹಾಸಿಗೆ ಬಿಟ್ಟು ಏಳುವುದೂ ಕಷ್ಟವಾಗಿದೆ.

ಇಂತಿ,
ಈಜು ಬಲ್ಲ, ಬಾವಿಯೂ ಇರುವ, ಆದರೂ ಮೈ ಒಣಗಿಸಿಕೊಂಡು ಕುಳಿತಿರುವ
ಧರ್ಮರಾಜ, ಅನ್ನವ್ವನ ತಮ್ಮ