ಏಣಿಯ ಮೇಲೆ ಬಾರದ ನೋವು

ತಮ್ಮಾ,

ಅಪ್ಪ ಆಸ್ಪತ್ರೆಯಲ್ಲಿದ್ದಾರೆ. ಬಟ್ಟೆ ತೆಗೆದುಕೊಂಡು ಅಲ್ಲಿಗೇ ಹೊರಟಿದ್ದೇನೆ. ಅನ್ನ ಕುಕ್ಕರಿನಲ್ಲಿದೆ, ನೀನೇ ಬಡಿಸಿಕೋ. ಅಪ್ಪನ ಬಣ್ಣದ ಡಬ್ಬಗಳಿಗೆ ಮುಚ್ಚಳ ಹಾಕು.

ನಿನ್ನೆ ಇಡೀ ದಿನ ಏಣಿ ಹತ್ತಿ ಇಳಿದು ಗೋಡೆಗೆ ಬಣ್ಣ ಹೊಡೆದರೂ ಅವರಿಗೆ ಏನೂ ಆಗಿರಲಿಲ್ಲ. ಸಂಜೆ ನೀನು "ನಿಮ್ಮನ್ನ ಅಪ್ಪ ಅನ್ನೋಕೆ ನಾಚಿಕೆ ಆಗುತ್ತೆ" ಅಂದೆಯಲ್ಲ, ಆಗ ಎದೆ ಹಿಡಿದುಕೊಂಡು ಹೊಸ್ತಿಲಲ್ಲೇ ಕುಸಿದರು. ನೀನು ತಿರುಗಿಯೂ ನೋಡದೆ ಚಪ್ಪಲಿ ಮೆಟ್ಟಿ ಹೋದೆ.

"ಮನಸ್ಸಿಗೆ ನೋವಾಗುವಂಥದ್ದು ಏನಾದ್ರೂ ಆಯ್ತಾ?" ಎಂದು ಡಾಕ್ಟರ್ ಕೇಳಿದರು. "ಏನಿಲ್ಲ, ಏಣಿ ಹತ್ತಿದ್ದು ಜಾಸ್ತಿ ಆಯ್ತು" ಅಂದರು ಅಪ್ಪ. ನಿನ್ನ ಮಾನ ಉಳಿಸೋಕೆ ಡಾಕ್ಟರಿಗೇ ಸುಳ್ಳು.

ನಾನಿನ್ನೂ ಬಾಯಿ ಬಿಟ್ಟಿಲ್ಲ. ಡಾಕ್ಟರ್ ನಾಲ್ಕಕ್ಕೆ ಮತ್ತೆ ಬರುತ್ತಾರೆ. ಅಷ್ಟರೊಳಗೆ ಬಾ. ನೀನು ಅಂದ ಮಾತನ್ನ ಅಪ್ಪನ ಎದುರಿಗೇ ಡಾಕ್ಟರಿಗೆ ನೀನೇ ಹೇಳು.

ಅಕ್ಕ