ಹುಂಗಿಗಿ ಹೇಳಬೇಕಾದ ಮಾತು

ಜನವರಿ 8, ಬುಧವಾರ

ಬ್ಲಾಂಕೆಟ್ ಲಾರಿ ಇವತ್ತೂ ಬರಲಿಲ್ಲ. ಬಂದದ್ದು ಟೂತ್‌ಪೇಸ್ಟಿನ ಡಬ್ಬಿ. ಮತ್ತ ಟೂತ್‌ಪೇಸ್ಟು. ಕಲಬುರಗಿ ಆಫೀಸಿಗಿ ಫೋನ್ ಮಾಡಿದೆ. ನಾಳೆ ಅಂದ್ರು. ಅವರ ನಾಳೆ ನಂಬಿ ಕುಂತ್ರ ಚಳಿಗಾಲನೇ ಮುಗೀತದ.

ಭಂಕೂರದ ಈ ಶೆಡ್ಡು ಮೊದಲು ಕಲ್ಲು ಪಾಲಿಶ್ ಮಾಡೋ ಜಾಗ. ಮಷೀನ್ ಹೋಗ್ಯಾವ, ಪರಸಿ ಕಲ್ಲು ಉಳದಾವ. ಕೆಳಗ ಕಲ್ಲು, ಮ್ಯಾಲ ತಗಡು, ನಡುವ ಛತ್ತೀಸಗಡದಿಂದ ಓಡಿ ಬಂದ ಮಂದಿ. ಅಲ್ಲಿ ಅಡವ್ಯಾಗ ಗುಂಡು ಹಾರ್ಯಾವ, ಊರು ಸುಟ್ಟದ. ಯಾರು ಸುಟ್ಟರು ಅಂದ್ರ ಬಾಯಿ ಬಿಡಂಗಿಲ್ಲ. ನಾನೂ ಕೇಳೂದು ಬಿಟ್ಟೀನಿ. ನನ್ನ ಕೆಲಸ ಸಾಮಾನು ಹಂಚೂದು. ಸುಲೇಪೇಟದಾಕಿ, ತೆಲುಗು ಬರತದ ಅಂತ ಸಂಸ್ಥೆಯವರು ನನ್ನ ತಗೊಂಡಾರ. ಇವರಿಗೂ ತೆಲುಗು ಅರ್ಧಂಬರ್ಧ. ನಡೀತದ.

ಸಂಜೀಕ ಹುಂಗಿ ಬಂದ್ಲು. ಈ ಮಂದ್ಯಾಗಿನಾಕಿ, ದಿನಾ ಬರತಾಳ. ಒಂಬತ್ತು ತಿಂಗಳದಾಗ ಬಿದ್ದದ, ನಾಕ ಹೆಜ್ಜಿ ನಡದ್ರ ಏದುಸಿರು. ನನ್ನ ಮೊಬೈಲಿನ ಕಡಿ ಬಟ್ಟು ತೋರಸ್ತಾಳ. ಗಂಡ ಕೋಸಾನ ನಂಬರ್ ಹಚ್ಚಬೇಕು. ದನ ಬಿಟ್ಟು ಬಂದೀವಿ ಅಂತ ಅವನು ಅರ್ಧ ದಾರ್‍ಯಾಗಿಂದ ತಿರುಗಿ ಹೋಗ್ಯಾನ. ಹಚ್ಚಿದೆ. ಸ್ವಿಚ್ ಆಫ್. ತಲಿ ಆಡಿಸಿ ಹೋದ್ಲು.

ಜನವರಿ 11, ಶನಿವಾರ

ಬ್ಲಾಂಕೆಟ್ ಬಂದ್ವು. ಜೋಳದ ಹಿಟ್ಟೂ ಬಂತು. ಇವರು ಅನ್ನದ ಮಂದಿ, ರೊಟ್ಟಿ ಬಡ್ಯಾಕ ಬರಂಗಿಲ್ಲ. ಹಿಟ್ಟು ನೀರಿಗಿ ಹಾಕಿ ಗಂಜಿ ಕಾಸಾಕತ್ತಿದ್ರು. ಊರಾಗಿನ ಮಹಾದೇವಮ್ಮ ಸಾರಿನ ಗಡಿಗಿ ತಗೊಂಡು ಬಂದಾಕಿ ನೋಡಿ ನಕ್ಕಳು. ಮಂದಿ ಬಂದಾಗಿಂದ ಒಂದಿನಾನೂ ಆಕಿ ಗಡಿಗಿ ತಪ್ಪಿಲ್ಲ. ದಾಸೋಹದ ಮನಿ ಅವರದು, ಬಂದವರಿಗಿ ಯಾರು ಏನು ಅಂತ ಕೇಳಂಗಿಲ್ಲ.

"ಈ ಹುಡುಗಿಗಿ ಕುಬಸ ಆಗಿಲ್ಲೇನ?" ಅಂದ್ಲು ಹುಂಗಿನ್ನ ನೋಡಿ. "ತವರು ಸುಟ್ಟು ಹೋದ್ರ ನಾವು ತವರಲ್ಲೇನು?" ಇಪ್ಪತ್ಮೂರಕ್ಕ ಇಟ್ಟಾಳ. ಹಸರ ಸೀರಿ, ಹಸರ ಬಳಿ, ಹೋಳಿಗಿ ಊಟ. ನನಗೂ ಬಾ ಅಂದ್ಲು, ಆಮ್ಯಾಲ ನಾಲಿಗಿ ಕಚ್ಕೊಂಡ್ಲು. ಹೋದ್ರೂ ನಾ ಹಿಂದ ನಿಂದರೂದೇ. ಗಂಡ ಸತ್ತಾಕಿ ಉಡಿ ತುಂಬೂ ಹಂಗಿಲ್ಲ. ಗೊತ್ತಿದ್ದದ್ದೇ ಅದ.

ಜನವರಿ 17, ಶುಕ್ರವಾರ

ದತ್ತು ಫೋನ್ ಮಾಡಿದ. ನಮ್ಮ ಸಂಸ್ಥೆಯವನೇ, ಅಡವಿ ಅಂಚಿನ ಕ್ಯಾಂಪಿನಾಗ ಇರತಾನ. ಕೋಸಾ ಸಿಕ್ಕಾನ ಅಂದ. ಸಿಕ್ಕಾನ ಅಂದ್ರ... ಹೆಣ. ಹಳ್ಳದ ಬಾಜೂಕ ಬಿದ್ದಿತ್ತಂತ. ಉಳಿದ ಊರಿನವರು ಗುರುತು ಹಿಡದು ಮಣ್ಣು ಮಾಡ್ಯಾರ. "ಅಕ್ಕಾ, ನೀವೇ ಹೇಳ್ರಿ ಅಕಿಗಿ."

ಹೂಂ ಅಂದೆ. ಸಾಬಣಿನ ಡಬ್ಬಿ ಒಡದು ಹಂಚಿದೆ. ಏನೂ ಅನಸಲಿಲ್ಲ. ಊಟ ಹೋಯ್ತು, ಮೊಸರೂ ಹಾಕ್ಕೊಂಡೆ.

ಸಂಜೀಕ ಹುಂಗಿ ಬಂದ್ಲು. ನಂಬರ್ ಹಚ್ಚಿದೆ. ಸ್ವಿಚ್ ಆಫ್.

ಜನವರಿ 18, ಶನಿವಾರ

ಶೆಡ್ಡಿಗಿ ಬರೂ ನರ್ಸ್ ನೂರಜಹಾನ್ ಸಿಸ್ಟರ್ ಹುಂಗಿ ಬಿಪಿ ನೋಡಿದ್ಲು. ಭಾಳ ಮ್ಯಾಲದ. ಹೊರಗ ಕರದು ಸುದ್ದಿ ಹೇಳಿದೆ. "ಈಗ ಹೇಳಬ್ಯಾಡ್ರಿ ಅಕ್ಕಾ. ಫಿಟ್ಸ್ ಗಿಟ್ಸ್ ಬಂದ್ರ ಕೂಸೂ ಹೋಗತದ, ತಾಯೀನೂ ಹೋಗತಾಳ" ಅಂದ್ಲು. ಸರಿ. ನನಗೂ ಒಂದು ಕಾರಣ ಬೇಕಾಗಿತ್ತು.

ಮಹಾದೇವಮ್ಮಗ ಹೇಳಲಿಲ್ಲಂದ್ರ ತಪ್ಪಾಗತದ ಅಂತ ಅವರ ಮನಿಗಿ ಹೋದೆ. ಶರಗು ಬಾಯಿಗಿ ಹಿಡಕೊಂಡು ಕುಂತ್ಲು. ಕುಬಸ ಬಿಡತಾಳ ಅನ್ಕೊಂಡೆ. ಬಿಡಲಿಲ್ಲ.

"ನೀ ನನಗ ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ. ಗೊತ್ತಾದ್ರ ಓಣ್ಯಾಗ ಒಬ್ಬಾಕೀನೂ ಅಕಿ ಉಡಿ ತುಂಬಂಗಿಲ್ಲ. ಒಂದಿನ ಮುತ್ತೈದಿಯಾಗಿ ಕುಂದರಲಿ ಬಿಡು. ಆಮ್ಯಾಲ ಜಲಮ ಪೂರ್ತಿ ಇದ್ದದ್ದೇ ಅದ."

ನಂದು ನೆನಪಾತು. ದವಾಖಾನಿಯಿಂದ ನಮ್ಮವರ ಹೆಣ ಬರೋದ್ರೊಳಗ ನನ್ನ ಬಳಿ ಒಡದಿದ್ರು. ಕೈಯಾಗ ಗಾಜು ನಟ್ಟಿತ್ತು. ಹುಂಗಿಗಿ ಅದು ಬ್ಯಾಡ. ಅಷ್ಟೇ ಅನಸಿದ್ದು.

ಜನವರಿ 23, ಗುರುವಾರ

ಕುಬಸ ಆತು. ಹಸರ ಸೀರಿ ಅಕಿಗಿ ಛಂದ ಕಾಣತಿತ್ತು. ಹೋಳಿಗಿಗಿ ತುಪ್ಪ ಹಾಕಿದ್ರ ಮೊದಲು ಮೂಸಿ ನೋಡಿದ್ಲು, ಆಮ್ಯಾಲ ಬೇಡಿ ಹಾಕಿಸ್ಕೊಂಡ್ಲು. ಇಲ್ಲಿಗಿ ಬಂದ ಮ್ಯಾಲ ಅಕಿ ನಕ್ಕದ್ದು ಇವತ್ತೇ ನೋಡಿದ್ದು.

ಎಲ್ಲರೂ ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕಿದ್ರು. ನಾ ಬಾಗಿಲದಾಗ ನಿಂತಿದ್ದೆ. ಹುಂಗಿ ಹುಡುಕಿ ನನ್ನ ಕಡಿ ಉಡಿ ಚಾಚಿದ್ಲು. "ಅಕ್ಕಾ, ನೀನೂ ಹಾಕು" ಅಂದ್ಲು. ಓಣಿ ಹೆಂಗಸರೆಲ್ಲ ನನ್ನ ಕಡಿ ತಿರುಗಿದ್ರು. ಕೈ ಎಣ್ಣಿ ಆಗ್ಯಾವ ಅಂದೆ. ಅಕಿ ಉಡಿ ಹಂಗೇ ಹಿಡಕೊಂಡು ಸ್ವಲ್ಪ ಹೊತ್ತು ಕಾದ್ಲು. ಮಹಾದೇವಮ್ಮ ಅಡಗಿಮನ್ಯಾಗ ಹೋಗಿ ಭಾಳ ಹೊತ್ತು ಹೊರಗ ಬರಲಿಲ್ಲ.

ಸಂಜೀಕ ಸ್ವಿಚ್ ಆಫ್.

ಫೆಬ್ರವರಿ 4, ಮಂಗಳವಾರ

ಇಷ್ಟು ದಿನ ಬರೀಲಿಲ್ಲ. ಬರ್‍ಯಾಕ ಏನಿತ್ತು. ಸ್ವಿಚ್ ಆಫ್, ಸ್ವಿಚ್ ಆಫ್.

ಮುಂಜಾನಿ ಸಿಸ್ಟರ್ ಬಿಪಿ ಇಳದದ ಅಂದ್ಲು. ನನ್ನ ಕಾರಣ ತೀರಿತು. ಹುಂಗಿನ್ನ ಕೂಡಿಸಿ ಹೇಳಿದೆ.

ಅಳಲಿಲ್ಲ. ಸುದ್ದಿ ಯಾವತ್ತು ಬಂತು ಅಂತ ಕೇಳಿದ್ಲು. ನಿನ್ನಿ ಅನ್ನಬಹುದಿತ್ತು. ಬಾಯಿಗಿ ಬರಲಿಲ್ಲ. ಕುಬಸಕ್ಕಿಂತ ಮೊದಲೇ ಬಂದಿತ್ತು ಯವ್ವಾ ಅಂದೆ.

ಅಕಿ ಕೈ ಬಳಿ ಮ್ಯಾಲಿತ್ತು. ನಾನೇ ಅವಸರ ಮಾಡಿ ಅಂದೆ — ಬಳಿ ಇರಲಿ, ಯಾರಿಗೂ ಒಡ್ಯಾಕ ಬಿಡಂಗಿಲ್ಲ ನಾ. ಅಕಿಗಿ ತಿಳೀಲಿಲ್ಲ. "ಬಳಿ ಯಾಕ ಒಡೀತಾರ?" ಅಂದ್ಲು.

ಅವರ ಊರಾಗ ಬಳಿ ಒಡ್ಯಂಗಿಲ್ಲಂತ. ಕುಂಕುಮದ್ದೂ ಏನಿಲ್ಲ. ಅವರಿಗಿ ಬ್ಯಾರೆ ಕೆಲಸ ಅದ. ಸುದ್ದಿ ಕಿವಿಗಿ ಬಿದ್ದ ಸಂಜೀನೇ ಹೇಣ್ತಿ ಊರ ಹೊರಗ ನಿಂತು ಗಂಡನ ಹೆಸರು ಹಿಡದು ಕೂಗಬೇಕು, ಇಲ್ಲಿ ಅದೀನಿ ಬಾ ಅಂತ. ಕೂಗೂತನ ಸಿಹಿ ತಿನ್ನಂಗಿಲ್ಲ. ಕೂಗಲಿಲ್ಲಂದ್ರ ಸತ್ತವನಿಗಿ ದಾರಿ ಸಿಗಂಗಿಲ್ಲ.

"ಮನಿ ಸುಟ್ಟದಲ್ಲ ಅಕ್ಕಾ. ಅಲ್ಲಿ ಹೋಗಿ ನೋಡಿರತಾನ. ಯಾರೂ ಇಲ್ಲ. ನಾ ಇಲ್ಲಿ ಹೋಳಿಗಿ ತಿನ್ನಾಕತ್ತಿದ್ದೆ." ಆಮ್ಯಾಲ ಕೇಳಿದ್ಲು, "ಇಷ್ಟು ದಿನ ಕಾಯತಾನೇನು?"

ಗೊತ್ತಿಲ್ಲ ಯವ್ವಾ ಅಂದೆ.

ನಮಗ ಬಳೀದು ಹೆದರಿಕಿ. ಅಕಿಗಿ ಬೇಕಾಗಿದ್ದು ಒಂದು ಸಂಜಿ. ಸೀರಿ ಕೊಟ್ಟಿವಿ, ಊಟ ಕೊಟ್ಟಿವಿ, ಅದೊಂದು ಕೊಡಲಿಲ್ಲ. ಒಂದು ಮಾತು ಕೇಳಿದ್ರ ಆಗತಿತ್ತು, ನಿಮ್ಮಲ್ಲಿ ಹೆಂಗ ಅಂತ. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಫೆಬ್ರವರಿ 6, ಗುರುವಾರ

ಹುಂಗಿ ದಿನಾ ಸಂಜೀಕ ಶೆಡ್ಡಿನ ಹಿಂದ ಕಲ್ಲಿನ ಖಣಿ ಅಂಚಿಗಿ ನಿಂತು ಕೂಗಾಕತ್ತಾಳ. ಹೊತ್ತು ಹುಟ್ಟೋ ಕಡಿ ಮುಖ ಮಾಡಿ. ಕೂಸು ಹುಟ್ಟೋದ್ರೊಳಗ ಅವನು ಬಂದು ಮುಟ್ಟಬೇಕಂತ. ಇಲ್ಲಂದ್ರ ಅಪ್ಪಗ ಕೂಸು ಗುರುತಾಗಂಗಿಲ್ಲ, ಸುಟ್ಟ ಊರಾಗೇ ಸುತ್ತತಾನ. ದನಿ ಒಡದು ಹೋಗ್ಯದ ಅಕೀದು.

ಮಹಾದೇವಮ್ಮ ಬಂದಿದ್ಲು. ಅಕಿ ಕೈ ಹಿಡದು "ತಪ್ಪಾತು ಯವ್ವಾ" ಅಂದ್ಲು. ತೆಲುಗಿನಾಗ ಹೇಳು ಅಂದ್ಲು ನನಗ. ಹೇಳಿದೆ. ಇಬ್ಬರದೂ ಸೇರಿಸಿ ಹೇಳಿದೆ. ಹುಂಗಿ ಇಬ್ಬರನ್ನೂ ನೋಡಿದ್ಲು, ಕೈ ಬಿಡಿಸ್ಕೊಂಡು ಖಣಿ ಕಡಿ ಹೋದ್ಲು.

ಫೆಬ್ರವರಿ 9, ರವಿವಾರ. ಸಂಜಿ 7

ದವಾಖಾನಿಯಿಂದ ಫೋನ್ ಇನ್ನೂ ಬಂದಿಲ್ಲ. ಬರೂತನ ಬರೀತೀನಿ, ಬಂತಂದ್ರ ಇದ್ದಲ್ಲೇ ಪೆನ್ ಬಿಟ್ಟು ಏಳತೀನಿ.

ಮಧ್ಯಾಹ್ನ ಬ್ಯಾನಿ ಹತ್ತಿದ್ವು. ಆಂಬುಲೆನ್ಸಿಗಿ ಹತ್ತಸೋವಾಗ ಹುಂಗಿ ನನ್ನ ಮುಂಗೈ ಹಿಡಕೊಂಡ್ಲು. "ಇವತ್ತು ನೀ ಕೂಗು." ಅಕಿ ದನಿನೇ ಹೊರಡತಿರಲಿಲ್ಲ. ಸಿಸ್ಟರ್ ಜೋಡಿ ಹೋದ್ಲು. ನಾ ಉಳದೆ.

ಹೊತ್ತು ಮುಳುಗೋವಾಗ ಖಣಿ ಅಂಚಿಗಿ ಹೋಗಿ ನಿಂತೆ. ಬಾಯಿ ಬರಲಿಲ್ಲ. ನನ್ನ ಗಂಡನ ಹೆಸರೇ ನಾ ಎಂದೂ ಹಿಡದು ಕರದಾಕಿ ಅಲ್ಲ. ಕೋಸಾ ಅಂದೆ. ಮತ್ತ ಅಂದೆ. ಮಹಾದೇವಮ್ಮ ಹಿಂದ ಬಂದು ನಿಂತಿದ್ಲು. "ಹಿಂಗ ಕೂಗಿದ್ರ ಶಹಾಬಾದಕ್ಕೂ ಮುಟ್ಟಂಗಿಲ್ಲ" ಅಂದ್ಲು. ನಾಚಿಕಿ ಬಿಟ್ಟು ಒದರಿದೆ. ಭಾಳ ದಿನ ಆಗಿತ್ತು, ನನಗ ಏನರೆ ಅನಸಿ.

ಇಲ್ಲಿ ಅದಾಳ ಬಾ ಅನ್ನಬೇಕು. ಇಲ್ಲಿ ಅಂದ್ರ ಎಲ್ಲಿ? ಅವನು ಈ ಕಡಿ ಎಂದೂ ಬಂದವನಲ್ಲ. ಹಂಗಾಗಿ ಎಲ್ಲಾ ಹೇಳಿದೆ, ತೆಲುಗಿನಾಗ, ಗಂಟಲ ಹರದು ಹೋಗೂ ಹಂಗ. ಹೈದರಾಬಾದ ತನ ಬಾ ಕೋಸಾ. ಅಲ್ಲಿಂದ ರೈಲು. ಸೇಡಂ ಬರತದ, ಇಳೀಬ್ಯಾಡ. ಚಿತ್ತಾಪುರ ಬರತದ, ಇಳೀಬ್ಯಾಡ. ವಾಡಿ ದೊಡ್ಡ ಸ್ಟೇಷನ್, ಅಲ್ಲಿ ಇಳದು ಕಲಬುರಗಿ ಗಾಡಿ ಹಿಡಿ. ಶಹಾಬಾದದಾಗ ಇಳಿ. ಭಂಕೂರಕ್ಕ ಬರಬ್ಯಾಡ, ಅಕಿ ಇಲ್ಲಿಲ್ಲ. ಸೀದಾ ದವಾಖಾನಿಗಿ ಹೋಗು. ಯಾರನ್ನರೆ ಕೇಳು, ಹೇಳತಾರ. ಲಗೂ ಹೋಗು. ಗೇಟಿನ ಒಳಗ ಹೋಗಿ ಎಡಕ್ಕ —